ಅಪ್‌ಡೇಟ್: ಮಗಳು ಕೊಟ್ಟ ಮಾತು, ಕೋಚ್ ಕೊಟ್ಟ ಮಾತು

ಹೋದ ತಿಂಗಳು ಕೇಳಿದ್ದೆ. ನಾವಿರುವುದು ಅಮೆರಿಕದಲ್ಲಿ. ಮಗಳು ಹನ್ನೊಂದನೇ ಕ್ಲಾಸಿನಲ್ಲೇ ಒಂದು ಡಿವಿಷನ್ ಒನ್ (ಇಲ್ಲಿನ ಕಾಲೇಜು ಕ್ರೀಡೆಯ ಮೇಲಿನ ದರ್ಜೆ) ಕಾಲೇಜಿನ ವಾಲಿಬಾಲ್ ಕೋಚ್‌ಗೆ ಬಾಯಿಮಾತಿನಲ್ಲಿ ‘ಬರ್ತೀನಿ’ ಅಂದಿದ್ದಳು. ಈಗ ಇನ್ನೂ ದೊಡ್ಡ ಕಾಲೇಜು ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತೇವೆ ಅನ್ನುತ್ತಿದೆ. ಮಾತು ಮುರಿಯಬಹುದಾ? ಬಾಯಿಮಾತು ಇಬ್ಬರನ್ನೂ ಕಟ್ಟಿಹಾಕಲ್ಲ, ಹೋಗಲಿ ಬಿಡಿ ಅಂದವರೇ ಜಾಸ್ತಿ. ನಿಯಮದ ಪ್ರಕಾರ ನಿಜ. ನನಗೆ ಮಾತ್ರ ನಿದ್ದೆ ಬರಲಿಲ್ಲ.

ಕೊನೆಗೆ ಮಗಳೇ ಮೊದಲ ಕೋಚ್‌ಗೆ ಫೋನ್ ಮಾಡಿದಳು. ಸುಮ್ನೆ ಮೆಸೇಜ್ ಹಾಕಬೇಡ ಅಂದಿದ್ದೆ. ಅಡುಗೆಮನೆ ಕಟ್ಟೆ ಮೇಲೆ ಫೋನ್ ಇಟ್ಟು, ಮೊಣಕಾಲಿನ ಪ್ಯಾಡ್ ಕೂಡ ಬಿಚ್ಚದೆ ನಿಂತಿದ್ದಳು. ‘ಬೇರೆ ಆಫರ್ ಬಂದಿದೆ, ಇನ್ಯಾರಿಂದಲೋ ನಿಮಗೆ ಗೊತ್ತಾಗೋದು ಬೇಡ ಅಂತ ಮಾಡಿದೆ’ ಅಂದಳು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಕೋಚ್, ‘ನಾನೂ ನಿನಗೆ ಫೋನ್ ಮಾಡಬೇಕಿತ್ತು. ಅವತ್ತು ಹೇಳಿದಷ್ಟು ಸ್ಕಾಲರ್‌ಶಿಪ್ ಕೊಡೋಕೆ ಈಗ ಆಗಲ್ಲ’ ಅಂದರು!

ನಿಯಮ ಬದಲಾಗಿದೆ, ನಿಜ. ಮೊದಲು ಡಿವಿಷನ್ ಒನ್ ಮಹಿಳಾ ವಾಲಿಬಾಲ್‌ನಲ್ಲಿ ತಂಡಕ್ಕೆ 12 ಪೂರ್ತಿ ಸ್ಕಾಲರ್‌ಶಿಪ್, ಒಂದನ್ನು ಇಬ್ಬರಿಗೆ ಹಂಚುವಂತಿರಲಿಲ್ಲ. 2025ರ ಹೌಸ್ ಕೇಸಿನ (ಕಾಲೇಜು ಆಟಗಾರರು ಹೂಡಿದ್ದ ಮೊಕದ್ದಮೆ) ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ತಂಡಕ್ಕೆ 18 ಜನರ ಮಿತಿ. ದುಡ್ಡನ್ನು ಅರ್ಧ, ಕಾಲು ಅಂತ ಹಂಚಬಹುದು. ಅದು ಸರಿ, ಆದರೆ ನಾವು ಫೋನ್ ಮಾಡದಿದ್ದರೆ ಅವರು ಯಾವಾಗ ಹೇಳುತ್ತಿದ್ದರು? ಹದಿನೇಳರ ಹುಡುಗಿಗೆ ಇದ್ದ ಸಂಕೋಚ ಅವರಿಗಿರಲಿಲ್ಲ, ಅಲ್ವಾ?

ಮಗಳು ದೊಡ್ಡ ಕಾಲೇಜಿಗೆ ಹೂಂ ಅಂದಿದ್ದಾಳೆ. ಸ್ಕಾಲರ್‌ಶಿಪ್ ಕರಾರಿಗೆ ಸಹಿ ನವೆಂಬರ್‌ನಲ್ಲಿ. ಅಲ್ಲಿವರೆಗೆ ಇದೂ ಬಾಯಿಮಾತೇ. ಈ ಸಲ ಇನ್‌ಸ್ಟಾಗ್ರಾಂನಲ್ಲಿ ಏನೂ ಹಾಕಿಲ್ಲ.