ಹಿಂದಿನ ಕೋಣೆ ಖಾಲಿ ಮಾಡಿ ಬರೆಯೋಕೆ ಕೂರಬೇಕು: ಮಾಡಿ ನೋಡಿದವರು ಅನುಭವ ಹೇಳಿ

ಹಿತ್ತಲ ಬಾಗಿಲು (ಚಿಕ್ಕಮಗಳೂರು):
ನಮ್ಮದು ಪೇಟೆಯೊಳಗಿನ ಹಳೇ ಹೆಂಚಿನ ಮನೆ. ಹಿತ್ತಲ ಕಡೆ ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆ ಇದೆ. ಅತ್ತೆಯ ಕಾಲದಿಂದ ಅದು ಉಗ್ರಾಣ. ತಾಮ್ರದ ಹಂಡೆ, ಮುರಿದ ಕುರ್ಚಿ, ಗೋಣಿಚೀಲ, ಯಾರದೋ ಮದುವೆಯಲ್ಲಿ ಬಂದ ಗೋಡೆ ಗಡಿಯಾರಗಳು, ಏನು ಬೇಕಾದರೂ ಸಿಗುತ್ತದೆ. ಅದನ್ನು ತೆರವು ಮಾಡಿ ಚಿತ್ರ ಬಿಡಿಸಲು, ಒಂದಿಷ್ಟು ಬರೆಯಲು ಜಾಗ ಮಾಡಿಕೊಳ್ಳುವ ಆಸೆ. ಒಳಗೆ ಕಾಲಿಟ್ಟರೆ ಕೆಲಸಕ್ಕೆ ಕೂರುವ ಮನಸ್ಸು ಬರಬೇಕು, ಅಷ್ಟೇ. ಪಶ್ಚಿಮಕ್ಕೆ ಒಂದೇ ಕಿಟಕಿ. 25,000 ರೂಪಾಯಿ ಕೂಡಿಟ್ಟಿದ್ದೇನೆ. ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಯಾವುದನ್ನು ಮೊದಲು ಹೊರಗೆ ಹಾಕಲಿ? ಮೇಜು ಎಲ್ಲಿಡಲಿ?

ಮೂಡಿಗೆರೆ ಮಳೆಗಾಲ:
25,000 ಅಂತ ಓದಿ ನಗು ಬಂತು, ಬೇಜಾರಾಗಬೇಡಿ. ನನ್ನ ಲೆಕ್ಕ ಕೇಳಿ.

ನಮ್ಮದೂ ಇಂಥದ್ದೇ ಕೋಣೆ, ಮಣ್ಣಿನ ಗೋಡೆ. ಸಾಮಾನೆಲ್ಲ ಹೊರಗೆ ಹಾಕಿದ್ದು ಒಂದು ಭಾನುವಾರದ ಕೆಲಸ. ಅದಕ್ಕೆ ಕಾಸು ಖರ್ಚಾಗಲಿಲ್ಲ. ಖರ್ಚು ಶುರುವಾಗಿದ್ದು ಆಮೇಲೆ. ಪೇಂಟ್ ಅಂಗಡಿಯವನು ಒರೆಸಿದರೆ ಹೋಗುತ್ತೆ ಅಂತ ಪ್ಲಾಸ್ಟಿಕ್ ಎಮಲ್ಷನ್ ಕೊಟ್ಟ. ಪುಟ್ಟಿ, ಪ್ರೈಮರ್, ಪೇಂಟ್, ಕೂಲಿ ಸೇರಿ 14,200. ತಿಳಿ ಹಸಿರು ಬಣ್ಣ, ನೋಡೋಕೆ ಚೆಂದವೇ ಇತ್ತು. ಜುಲೈ ಹೊತ್ತಿಗೆ ಗೋಡೆ ತುಂಬ ಗುಳ್ಳೆ. ಬೆರಳಲ್ಲಿ ಒತ್ತಿದರೆ ಒಳಗೆ ನೀರು. ಮಣ್ಣಿನ ಗೋಡೆ ನೆಲದಿಂದ ಹಸಿ ಎಳೆದುಕೊಳ್ಳುತ್ತದೆ. ಅದು ಹೊರಗೆ ಹೋಗೋಕೆ ಸುಣ್ಣ ದಾರಿ ಕೊಡುತ್ತದೆ, ಪ್ಲಾಸ್ಟಿಕ್ ಕೊಡುವುದಿಲ್ಲ. ಎಲ್ಲ ಕೆರೆಸಿ ಮತ್ತೆ ಸುಣ್ಣ ಹೊಡೆಸಿದೆ. ಕೆರೆಯಲು 3,000, ಸುಣ್ಣಕ್ಕೆ ಅದರ ಅರ್ಧವೂ ಆಗಲಿಲ್ಲ.

ಇನ್ನು ಪುಸ್ತಕದ ರ‍್ಯಾಕ್. ಮೊಬೈಲಿನಲ್ಲಿ ನೋಡಿ ತರಿಸಿದ್ದು, 6,800. ಮರ ಅಂತ ಬರೆದಿದ್ದರು, ಬಂದಿದ್ದು ಹೊಟ್ಟು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್. ಆಗಸ್ಟಿಗೆ ಕೆಳಗಿನ ಹಲಗೆ ಕಾಫಿಗೆ ಅದ್ದಿದ ರಸ್ಕಿನ ಹಾಗೆ ಊದಿಕೊಂಡಿತ್ತು. ಸ್ಕ್ರೂ ಹಿಡಿದುಕೊಳ್ಳೋಕೆ ಏನೂ ಉಳಿದಿರಲಿಲ್ಲ. ಈಗ ಇರುವುದು 710 ಸೀಲಿನ, ಅಂದರೆ ನೀರು ತಡೆಯುವ ಪ್ಲೈವುಡ್. 303 ಅಲ್ಲ, 710. ಹಾಳೆಗೆ ನಾಲ್ಕು ಸಾವಿರದ ಮೇಲೆ ಬಿತ್ತು, ಆಚಾರ್ರಿಗೆ ದಿನಕ್ಕೆ 1,200. ಗೋಡೆಗೆ ತಾಗಿಸಿಲ್ಲ, ಹಿಂದೆ ಕೈ ಆಡುವಷ್ಟು ಜಾಗ ಬಿಟ್ಟಿದ್ದೇನೆ. ಆದರೂ ಪುಸ್ತಕಗಳಿಗೆ ಬೂಷ್ಟು ಬಂತು. ಸಣ್ಣದೊಂದು ತೇವ ಹೀರುವ ಮೆಷಿನ್ ತಂದೆ, 3,500. ವಾರಕ್ಕೆ ಒಂದು ಲೋಟ ನೀರು ಹಿಡಿಯಿತು, ಸುಮ್ನೆ ದಂಡ. ಆಮೇಲೆ ಕಂಪ್ರೆಸರ್ ಇರುವ ದೊಡ್ಡದು, 17,500. ಅದು ಬಕೆಟ್ ತುಂಬಿಸುತ್ತದೆ, ಸುಳ್ಳು ಹೇಳಬಾರದು. ಆದರೆ ಮಳೆ ಜೋರಾದ ದಿನವೇ ಕರೆಂಟ್ ಇರುವುದಿಲ್ಲ.

ಮೊದಲು ಗೋಡೆ ನೋಡಿ. ಸ್ಫೂರ್ತಿ ಆಮೇಲೆ.

ಅರಸೀಕೆರೆ ಬಯಲು:
ನಮ್ಮ ಕಡೆ ಬೂಷ್ಟು ಬರುವುದು ಉಪ್ಪಿನಕಾಯಿ ಜಾಡಿಗೆ ಮಾತ್ರ. ಮಲೆನಾಡಿನವರು ಯಾವ ವಿಷಯ ಎತ್ತಿದರೂ ಮಳೆಗೇ ತಂದು ನಿಲ್ಲಿಸುತ್ತಾರೆ. ಮೇಡಂ ಕೇಳಿದ್ದು ಮನಸ್ಸಿಗೆ ಹಿತ ಆಗುವ ಕೋಣೆ, ಪ್ಲೈವುಡ್ ನಂಬರ್ ಅಲ್ಲ.

ನಾನು ಪೂರ್ತಿ ಖಾಲಿ ಮಾಡಿದವನು. ಗೋಡೆ ಬಿಳಿ, ಒಂದು ಮೇಜು, ಒಂದು ಕುರ್ಚಿ, ಟ್ಯೂಬ್‌ಲೈಟ್. ಗೋಡೆಗೆ ಕ್ಯಾಲೆಂಡರ್ ಕೂಡ ಹಾಕಲಿಲ್ಲ. ವಿಡಿಯೋಗಳಲ್ಲಿ ತೋರಿಸುವ ಹಾಗೇ ಇತ್ತು. ಒಂದು ಸಾಲು ಬರೆಯೋಕೆ ಆಗಲಿಲ್ಲ. ಕೆಮ್ಮಿದರೆ ಗೋಡೆ ತಿರುಗಿ ಕೆಮ್ಮುತ್ತಿತ್ತು. ಕಾರಣ ಎರಡು. ಬರೀ ಗೋಡೆ, ಬರೀ ಟೈಲ್ಸ್ ನೆಲ ಇದ್ದರೆ ಶಬ್ದ ಹೀರಿಕೊಳ್ಳೋಕೆ ಏನೂ ಇರುವುದಿಲ್ಲ. ಜೊತೆಗೆ ಆ 6500 ಕೆಲ್ವಿನ್ ಟ್ಯೂಬು. ರಾತ್ರಿ ಎಂಟಕ್ಕೂ ನಡುಹಗಲಿನ ಬಿಳುಪು. ನೆಲಕ್ಕೆ ತೆಂಗಿನ ನಾರಿನ ಚಾಪೆ ಹಾಸಿದೆ, ಒಂದು ಗೋಡೆಗೆ ಹಳೇ ಕಂಬಳಿ ತೂಗುಹಾಕಿದೆ, 3000 ಕೆಲ್ವಿನ್ನಿನ ಹಳದಿ ಬಲ್ಬು ಹಾಕಿದೆ. ಎಲ್ಲ ಸೇರಿ 1,900 ರೂಪಾಯಿ. ಈಗ ದಿನಾ ರಾತ್ರಿ ಕೂರುತ್ತೇನೆ. 17,500ರ ಮೆಷಿನ್ ಬೇಕಾಗಲಿಲ್ಲ.

ಮೂಡಿಗೆರೆ ಮಳೆಗಾಲ:
ಸಾರ್, ಆ ಚಾಪೆ ಮತ್ತು ಕಂಬಳಿ ತಗೊಂಡು ಜುಲೈನಲ್ಲಿ ನಮ್ಮ ಮನೆಗೆ ಬನ್ನಿ. ಹದಿನೈದು ದಿನ ಬಿಟ್ಟು ಅದನ್ನು ಮೂಸಿ ನೋಡಿ, ಆಮೇಲೆ ಮಾತಾಡೋಣ. ಅವರು ಇರುವುದು ಚಿಕ್ಕಮಗಳೂರಿನಲ್ಲಿ, ಅರಸೀಕೆರೆಯಲ್ಲಿ ಅಲ್ಲ.

ಅರಸೀಕೆರೆ ಬಯಲು:
ಚಿಕ್ಕಮಗಳೂರು ಪೇಟೆಗೂ ಮೂಡಿಗೆರೆಗೂ ಮಳೆಯಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ಗೊತ್ತಿದೆಯಾ ನಿಮಗೆ?

ಹೇಮಾವತಿ ದಂಡೆ (ಸಕಲೇಶಪುರ):
ಇಬ್ಬರೂ ಸ್ವಲ್ಪ ನಿಲ್ಲಿಸಿ. ಅಕ್ಕ, ನಿಮಗೆ ನನ್ನದು ಒಂದೇ ಮಾತು. ನೀವು ಮನೆಯಲ್ಲಿ ಇಲ್ಲದಾಗ ಯಾರೂ ಆ ಕೋಣೆ ಮುಟ್ಟದ ಹಾಗೆ ನೋಡಿಕೊಳ್ಳಿ.

ನಮ್ಮ ಅಜ್ಜಿಯದೊಂದು ಬೀಟೆ ಮರದ ಪೆಟ್ಟಿಗೆ ಇತ್ತು. ನಾಲ್ಕು ಜನ ಎತ್ತಬೇಕು, ಅಷ್ಟು ಭಾರ. ಮುಚ್ಚಳದ ಒಳಗಡೆ ಅಜ್ಜಿ ಮೊಳೆಯಲ್ಲಿ ಗೀರಿ ಹಾಲಿನ ಲೆಕ್ಕ ಇಡುತ್ತಿದ್ದರು. ನಾಲ್ಕು ಉದ್ದ ಗೆರೆ, ಮೇಲೆ ಒಂದು ಅಡ್ಡ ಗೆರೆ. ಹಾಲು ಬರದ ದಿನಕ್ಕೆ ಒಂದು ಸೊನ್ನೆ. ಬಲಗಡೆ ಮೂಲೆ ಸೀಳಿದ್ದಕ್ಕೆ ತಾಮ್ರದ ತಗಡು ಹೊಡೆದಿತ್ತು. ಅದನ್ನೇ ನನ್ನ ಕೋಣೆಯ ಕಿಟಕಿ ಕೆಳಗಿಟ್ಟು, ಮೇಲೆ ದಿಂಬು ಹಾಕಿ ಕೂತು ಓದಬೇಕು ಅಂತ ಲೆಕ್ಕ ಹಾಕಿದ್ದೆ. ನಾನು ಬೆಂಗಳೂರಿಗೆ ಹೋಗಿದ್ದಾಗ ತಮ್ಮ ಕ್ಲೀನ್ ಮಾಡ್ತೀನಿ ಅಂತ ಶುರುಮಾಡಿದ. ಗುಜರಿಯವನಿಗೆ 4,500ಕ್ಕೆ ಕೊಟ್ಟಿದ್ದ! ಕೇಳಿದರೆ, “ಅಕ್ಕಾ, ಅದರಲ್ಲಿ ಜಿರಲೆ ಇತ್ತು” ಅಂತಾನೆ.

ಮಾರನೇ ವರ್ಷ ಸಂಬಂಧಿಕರ ಜೊತೆ ಒಂದು ಹೋಂಸ್ಟೇಗೆ ಹೋಗಿದ್ದೆ. ಹಜಾರದಲ್ಲಿ ಟಿವಿ ಕೆಳಗೆ ಅದೇ ಪೆಟ್ಟಿಗೆ. ತಾಮ್ರದ ತಗಡು ನೋಡಿದ ತಕ್ಷಣ ಗೊತ್ತಾಯಿತು. ಮುಚ್ಚಳ ಎತ್ತಿ ನೋಡಿದೆ. ಒಳಗೆಲ್ಲ ಉಜ್ಜಿ ಪಾಲಿಶ್ ಹೊಡೆದಿದ್ದಾರೆ. ಒಂದು ಗೆರೆಯೂ ಇಲ್ಲ. ಈ ಹೋಂಸ್ಟೇಯವರು ಊರೂರಿನ ಅಟ್ಟ ಬಳಿದುಕೊಂಡು ಹೋಗಿ ‘ಹೆರಿಟೇಜ್’ ಅಂತ ಬೋರ್ಡು ಹಾಕಿಕೊಳ್ಳುತ್ತಾರೆ. ತಮ್ಮನ ಜೊತೆ ನಾನು ಈಗಲೂ ಸರಿಯಾಗಿ ಮಾತಾಡುವುದಿಲ್ಲ.

ಏಲಕ್ಕಿ ಘಮ (ಹೋಂಸ್ಟೇ ನಡೆಸುವವನು):
ಮೇಡಂ, ಬಳಿದುಕೊಂಡು ಹೋಗ್ತೀವಿ ಅಂದರೆ ಏನರ್ಥ? ನಾವೇನು ಕದ್ದು ತರ್ತೀವಾ? ಇಂಥದ್ದೇ ಪೆಟ್ಟಿಗೆ ನಾನೊಂದು ತಂದೆ. ಹಳೇ ಸಾಮಾನಿನ ಅಂಗಡಿಯಲ್ಲಿ 22,000 ಕೊಟ್ಟೆ. ಗುಜರಿಯವನಿಂದ ಅಂಗಡಿಗೆ ಬರುವಷ್ಟರಲ್ಲಿ ಆ ರೇಟಾಗಿತ್ತು. ತಳದ ಹಲಗೆಯಲ್ಲಿ ಹುಳ ಕೊರೆದು ಹಿಟ್ಟು ಉದುರುತ್ತಿತ್ತು. ಬೀಟೆಯ ಗಟ್ಟಿ ತಿರುಳಿಗೆ ಹುಳ ಬೇಗ ಬರುವುದಿಲ್ಲ, ತಳಕ್ಕೆ ಯಾವಾಗಲೋ ಬೇರೆ ಬಿಳಿ ಮರ ಹಾಕಿಸಿದ್ದರು, ಅದನ್ನು ತಿಂದಿತ್ತು. ಔಷಧಿ ಹೊಡೆಸಿ, ತಳ ಬದಲಾಯಿಸಿ, ಕೈಪಾಲಿಶ್ ಮಾಡಿಸೋಕೆ ಇನ್ನೂ 9,000. ಮನೆಯವರಿಗೆ ಬೇಡವಾಗಿದ್ದು ಉಳಿದಿದ್ದರೆ ಅದು ನಮ್ಮಂಥವರಿಂದ. ಇಲ್ಲದಿದ್ದರೆ ಎಂದೋ ಒಲೆಗೆ ಹೋಗುತ್ತಿತ್ತು. ನಿಮ್ಮ ತಮ್ಮನ ಮೇಲಿನ ಸಿಟ್ಟು ಅವರ ಮೇಲೇ ಇರಲಿ.

ಹೇಮಾವತಿ ದಂಡೆ:
ಉಳಿಸಿದ್ದು ಮರ. ಹಾಲಿನ ಲೆಕ್ಕ ಉಜ್ಜಿ ಹಾಕಿದ್ದೂ ನೀವೇ ಅಲ್ವಾ?

ಏಲಕ್ಕಿ ಘಮ:
ನಾನಲ್ಲ ಮೇಡಂ! ನನ್ನದು ಬೇರೆ ಪೆಟ್ಟಿಗೆ!

ನಿವೃತ್ತ ಮೇಷ್ಟ್ರು (ಹಾಸನ):
ತಾಯಿ, ಇವರ ಜಗಳ ಬಿಡಿ. ಕೋಣೆ ಖಾಲಿ ಮಾಡುವುದು ದೊಡ್ಡ ವಿಷಯವಲ್ಲ. ಖಾಲಿಯಾಗಿ ಉಳಿಸಿಕೊಳ್ಳುವುದಿದೆಯಲ್ಲ, ಅದು ಕಷ್ಟ.

ಹಾಸನದಲ್ಲಿ ಮನೆ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುತ್ತಾರೆ. ವರ್ಷಕ್ಕೊಮ್ಮೆ ದರ್ಶನ. ಆಗ ನೆಂಟರೆಲ್ಲರಿಗೂ ನಮ್ಮ ಮನೆ ನೆನಪಾಗುತ್ತದೆ. ನಾನು ಓದುವ ಕೋಣೆ ಮಾಡಿಕೊಂಡ ವರ್ಷ ಅದರಲ್ಲಿ ಏಳು ಜನ ಮಲಗಿದ್ದರು. ಅವರು ಹೋದ ಮೇಲೆ ಹಾಸಿಗೆ ಸುರುಳಿಗಳು ಅಲ್ಲೇ ಉಳಿದವು. ಹಾಸಿಗೆ ಹಿಂದೆ ಹಳೇ ಮಿಕ್ಸಿ ಬಂತು. ಮಿಕ್ಸಿ ಹಿಂದೆ ಆಲೂಗಡ್ಡೆ ಮೂಟೆ. ಸಂಕ್ರಾಂತಿಗೆ ನನ್ನ ಕುರ್ಚಿ ಹಜಾರದಲ್ಲಿತ್ತು.

ಆಗ ನಾನು ಮಾಡಿದ ಉಪಾಯ ಕೇಳಿ. ಯಾರೋ ಕೆಡವಿದ ಮನೆಯ ಸಾಗುವಾನಿ ಬಾಗಿಲು 5,000ಕ್ಕೆ ತಂದೆ. ಉದ್ದ ಏಳಡಿ, ಅಗಲ ಮೂರೂವರೆ. ಅದಕ್ಕೆ ಕಾಲು ಕಟ್ಟಿಸಿ ಕೋಣೆಯ ನಟ್ಟನಡುವೆ ಇಟ್ಟೆ. ಸುತ್ತ ಒಬ್ಬರು ಓಡಾಡಬಹುದು, ಯಾರೂ ಚಾಪೆ ಹಾಸಲಾಗದು. ಮನೆಯವಳಿಗೆ ಸಿಟ್ಟು ಬಂದಿದ್ದು ನಿಜ. ಆದರೆ ನಾಲ್ಕು ಹಾಸನಾಂಬೆ ದರ್ಶನ ಕಳೆದರೂ ಕೋಣೆ ನನ್ನದೇ. ಹಳೇ ವಾರಪತ್ರಿಕೆಗಳನ್ನು ಮಾತ್ರ ನಾನು ಎಸೆದಿಲ್ಲ. ಪೇಪರಿನವನು ಕೆ.ಜಿ.ಗೆ 12 ರೂಪಾಯಿ ಕೊಡ್ತೀನಿ ಅಂದ. ಅಕ್ಷರಕ್ಕೆ ಅಷ್ಟೇ ಬೆಲೆಯಾದರೆ ನನ್ನ ಹತ್ತಿರವೇ ಇರಲಿ.

ಹಿತ್ತಲ ಬಾಗಿಲು:
ಎಲ್ಲರಿಗೂ ಧನ್ಯವಾದ. ನಮ್ಮದೂ ಮಣ್ಣಿನ ಗೋಡೆಯೇ, ಸುಣ್ಣಕ್ಕೇ ನಿಲ್ಲುತ್ತೇನೆ. ಅತ್ತೆ ಹಂಡೆ ಹೊರಗೆ ಹೋಗಕೂಡದು ಅಂತ ಕೂತಿದ್ದಾರೆ. ಮೇಜಿನ ವಿಷಯ ಯಾರಾದರೂ ಹೇಳ್ತೀರಾ? ಚಿತ್ರಕ್ಕೆ ಬೆಳಕು ಮುಖ್ಯ.

ಕಾಫಿ ಕಣ (ಆಲ್ದೂರು):
ಪಶ್ಚಿಮದ ಕಿಟಕಿಗೆ ಎದುರಾಗಿ ಕೂರಬೇಡಿ, ಮೂರು ಗಂಟೆ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಕಿಟಕಿ ನಿಮ್ಮ ಎಡಗಡೆಗೆ ಬರಲಿ. ಎಡಗೈಯವರಾದರೆ ಬಲಗಡೆಗೆ. ಕೈಯ ನೆರಳು ಕಾಗದದ ಮೇಲೆ ಬೀಳುವುದಿಲ್ಲ.

ನಿಜವಾದ ಬೆಳಕು ಬೇಕಾದರೆ ಮಾಡಿನ ಉತ್ತರದ ಇಳಿಜಾರಿಗೆ ಗಾಜಿನ ಹೆಂಚು ಹಾಕಿಸಿ. ಚಿತ್ರ ಬಿಡಿಸುವವರಿಗೆ ಉತ್ತರದ ಬೆಳಕೇ ಒಳ್ಳೆಯದು, ನೇರ ಬಿಸಿಲು ಬರುವುದಿಲ್ಲ. ನಾನು ನಾಲ್ಕು ಹಾಕಿಸಿದೆ, ಒಂದಕ್ಕೆ 350. ಆಮೇಲೆ ಕೋತಿಗಳು ಬಂದವು. ಮಣ್ಣಿನ ಹೆಂಚು ಬಿಟ್ಟು ಗಾಜಿನದನ್ನೇ ಕಿತ್ತವು. ಅದರೊಳಗೆ ಏನು ಕಾಣಿಸಿತೋ ಅವಕ್ಕೆ! ಎರಡು ಒಡೆದವು. ಒಂದು ನನ್ನ ಮೇಜಿನ ಮೇಲೇ ಬಿತ್ತು, ಅರ್ಧ ಆಗಿದ್ದ ಚಿತ್ರ ಹರಿದುಹೋಯಿತು. ಈಗ ಗಾಜಿನ ಮೇಲೆ ಕೋಳಿ ಜಾಲರಿ ಬಿಗಿದಿದ್ದೇನೆ. ಜಾಲರಿ 900, ಬಿಗಿದವನಿಗೆ 700. ಕಾಗದದ ಮೇಲೆ ಚೌಕ ಚೌಕ ನೆರಳು ಬೀಳುತ್ತದೆ, ಅಭ್ಯಾಸವಾಗಿದೆ.

ನಿವೃತ್ತ ಮೇಷ್ಟ್ರು:
ಉತ್ತರದ ಬೆಳಕು ಅನ್ನುವುದು ಯುರೋಪಿನವರ ಲೆಕ್ಕ. ಅಲ್ಲಿ ಸೂರ್ಯ ಮಧ್ಯಾಹ್ನ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗೆ ಉತ್ತರದಲ್ಲಿರುತ್ತಾನೆ. ಆಗ ಉತ್ತರದ ಇಳಿಜಾರಿಗೇ ಬಿಸಿಲು ಜಾಸ್ತಿ.

ಕಾಫಿ ಕಣ:
ಮೇಷ್ಟ್ರೇ, ಜೂನ್ ಜುಲೈನಲ್ಲಿ ಆಲ್ದೂರಲ್ಲಿ ಸೂರ್ಯ ಯಾವ ದಿಕ್ಕಿಗಿದ್ದರೆ ಏನು? ಕಾಣಿಸಿದರಲ್ಲವೇ!

ನಿವೃತ್ತ ಮೇಷ್ಟ್ರು:
ಮೇ ತಿಂಗಳು ಇದೆಯಲ್ಲ. ಮೇಲಾಗಿ ಸೂರ್ಯ ಕಾಣದಿದ್ದರೆ ಸ್ಥಾನ ಬದಲಾಗುತ್ತದೆಯೇ?

ಅರಸೀಕೆರೆ ಬಯಲು:
ನೋಡಿ, ಮತ್ತೆ ಮಳೆಗೇ ಬಂದರು.

ಏಲಕ್ಕಿ ಘಮ:
ಹಿತ್ತಲ ಬಾಗಿಲು ಮೇಡಂ, ಹಂಡೆ ಕೊಡುವುದಾದರೆ ನನಗೆ ಹೇಳಿ. ಗುಜರಿಯವರು ತೂಕಕ್ಕೆ ಹಾಕುತ್ತಾರೆ, ನಾನು ಅದಕ್ಕಿಂತ ಜಾಸ್ತಿ ಕೊಡ್ತೀನಿ.

ಹೇಮಾವತಿ ದಂಡೆ:
ನೋಡಿದಿರಾ ಅಕ್ಕ? ಆಗಲೇ ಶುರುವಾಯಿತು. ಹಂಡೆ ಕೊಡಬೇಡಿ. ಅದನ್ನು ಕೋಣೆಯಲ್ಲೇ ಇಟ್ಟುಕೊಳ್ಳಿ, ಚಿತ್ರದ ಹಾಳೆಗಳನ್ನು ಸುರುಳಿ ಸುತ್ತಿ ನಿಲ್ಲಿಸೋಕೆ ಆಗುತ್ತದೆ. ಅತ್ತೆಗೂ ಸಮಾಧಾನ.

ಮೂಡಿಗೆರೆ ಮಳೆಗಾಲ:
ಸುರುಳಿ ಸುತ್ತಿ ಹಂಡೆಯಲ್ಲಿ ನಿಲ್ಲಿಸಿದರೆ ಗಾಳಿಯಾಡದೆ ಕೆಳಗಿಂದ ಬೂಷ್ಟು ಬರುತ್ತದೆ. ಬರೆದಿಟ್ಟುಕೊಳ್ಳಿ.

ಹಿತ್ತಲ ಬಾಗಿಲು:
ಗಾಜಿನ ಹೆಂಚಿನ ಯೋಚನೆ ಇಷ್ಟವಾಯಿತು, ಎರಡು ಹಾಕಿಸುತ್ತೇನೆ. ಹೆಂಚು ಕೈಯಾಡಿಸುವ ಒಳ್ಳೆ ಆಳಿನ ನಂಬರ್ ಯಾರ ಹತ್ತಿರವಾದರೂ ಇದೆಯಾ? ವಿಚಾರಿಸಿದವರೆಲ್ಲ ಜೂನ್ ಕಳೆಯಲಿ ಅಂತಾರೆ.

ಕಾಫಿ ಕಣ:
ಇದ್ದಾನೆ, ಒಳ್ಳೆ ಕೆಲಸಗಾರ. ಈಗ ನಮ್ಮ ಮಾಡಿನ ಮೇಲೇ ಇದ್ದಾನೆ. ಇನ್ನೂ ಅರ್ಧ ಬಾಕಿ ಇದೆ. ಅದು ಮುಗಿಯುವವರೆಗೆ ನಂಬರ್ ಯಾರಿಗೂ ಕೊಡುವುದಿಲ್ಲ, ತಪ್ಪು ತಿಳಿಯಬೇಡಿ.