ಹಳೇ ಎಂಜಿಬಿ ಹಿಂದೆ ಒಂದು ಕಡೆ ಕೂತಿದೆ: ಸ್ಪ್ರಿಂಗ್ ತರೋ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ನನ್ನದು 1972ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ಓಪನ್ ಸ್ಪೋರ್ಟ್ಸ್ ಕಾರು), ಕ್ರೋಮ್ ಬಂಪರಿನದು. ಹಿಂದೆ ಡ್ರೈವರ್ ಕಡೆ ಸುಮಾರು 25 ಮಿಲಿಮೀಟರ್ ಕೆಳಗೆ ಕೂತಿದೆ. ಇಬ್ಬರು ಕೂತು ಹಂಪ್ ದಾಟಿದರೆ ಅಡಿಯಲ್ಲಿ ಠಕ್ ಅಂತ ಬಡಿಯುತ್ತದೆ. ಹಿಂದಿನ ಎರಡೂ ಶಾಕ್ ಹೊಸದು ಹಾಕಿಸಿದ್ದಾಯ್ತು, ಎತ್ತರ ಒಂಚೂರೂ ಬದಲಾಗಲಿಲ್ಲ. ಆ ಕಡೆಯ ಸ್ಪ್ರಿಂಗ್ ಒಂದನ್ನೇ ಬದಲಿಸಿದರೆ ಸಾಕಾ? ಇಲ್ಲ, ಉದ್ದದ ಶ್ಯಾಕಲ್ (ಸ್ಪ್ರಿಂಗಿನ ಹಿಂದಿನ ತುದಿಯನ್ನು ಗಾಡಿಗೆ ಸೇರಿಸೋ ಆಡುವ ಕೊಂಡಿ) ಹಾಕಿ ಎತ್ತಿಬಿಡಬಹುದಾ?

ಒಂದು ಉತ್ತರ: ಸರ್, ಶಾಕ್ ಬದಲಿಸಿದ್ದಕ್ಕೆ ಎತ್ತರ ಬದಲಾಗದೇ ಇರೋದು ಸರಿಯೇ. ಎಂಜಿಬಿಯ ಹಿಂದಿನ ಲಿವರ್ ಶಾಕ್ ಒಳಗೆ ಇರೋದು ಎಣ್ಣೆ ಮಾತ್ರ. ಅದು ಕುಣಿತ ತಡೆಯುತ್ತದೆ, ಭಾರ ಹೊರುವುದಿಲ್ಲ. ಭಾರ ಪೂರ್ತಿ ಲೀಫ್ ಸ್ಪ್ರಿಂಗಿನ, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟುಗಳ ಮೇಲೆ.

ಆದರೆ ಸ್ಪ್ರಿಂಗ್ ತರಿಸೋಕೆ ಮುಂಚೆ ಕೂತಿರೋದು ಹಿಂದೆಯೇನಾ ಅಂತ ಖಚಿತ ಮಾಡಿಕೊಳ್ಳಿ. ಮುಂದೆ ಒಂದು ಕಡೆಯ ಕಾಯಿಲ್ ಸ್ಪ್ರಿಂಗ್ ಸೋತಿದ್ದರೆ ಗಾಡಿ ಓರೆಯಾಗಿ, ಹಿಂದೆಯೂ ಒಂದು ಮೂಲೆ ತಗ್ಗಿದಂತೆ ಕಾಣುತ್ತದೆ. ಬರೀ ಕಣ್ಣಳತೆಯಲ್ಲಿ ಇದು ಗೊತ್ತಾಗುವುದಿಲ್ಲ.

ಮೊದಲು ಸಮತಟ್ಟು ನೆಲ ಹುಡುಕಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ, ಡಿಕ್ಕಿ ಖಾಲಿ ಮಾಡಿ. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಒತ್ತಿ ಬಿಟ್ಟು, ತಾನಾಗಿ ನಿಲ್ಲಲಿ. ಆಮೇಲೆ ಚಕ್ರದ ನಡುಮಧ್ಯದಿಂದ ಮೇಲಿನ ಆರ್ಚ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಆರ್ಚಿಗೆ ಹಿಂದೆ ಯಾವಾಗಲೋ ತಗಡಿನ ಕೆಲಸ ಆಗಿದ್ದರೆ ಅದನ್ನೂ ನಂಬಬೇಡಿ, ಎರಡೂ ಕಡೆ ಚಾಸಿಸ್ ರೈಲಿನಿಂದ ಆಕ್ಸಲ್ ಟ್ಯೂಬಿಗೆ ಅಳೆಯಿರಿ.

ಈಗ ಮುಖ್ಯ ಪರೀಕ್ಷೆ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಅಡೆ ಕೊಡಿ. ಮುಂದಿನ ಕ್ರಾಸ್‌ಮೆಂಬರಿನ (ಅಡಿಯಲ್ಲಿ ಅಡ್ಡಲಾಗಿರೋ ಗಟ್ಟಿ ತೊಲೆ) ಸರಿಮಧ್ಯಕ್ಕೆ ಜಾಕ್ ಕೊಟ್ಟು, ಚಕ್ರಗಳು ನೆಲ ಬಿಡುವಷ್ಟೇ ಎತ್ತಿ. ಜಾಕಿನ ತಲೆ ಅಗಲವಾಗಿದ್ದರೆ ಮೇಲೊಂದು ಕಿರಿದಾದ ಗಟ್ಟಿ ಮರದ ತುಂಡು ಇಡಿ, ಗಾಡಿ ಎಡಬಲಕ್ಕೆ ವಾಲುವಂತಿರಬೇಕು. ಈ ಹೊತ್ತಿನಲ್ಲಿ ಯಾರೂ ಅಡಿಗೆ ಹೋಗಬಾರದು. ಈಗ ಮುಂದಿನ ಸ್ಪ್ರಿಂಗುಗಳ ಆಟ ನಿಂತಿರುತ್ತದೆ. ಹಿಂದೆ ಮತ್ತೆ ಅಳೆಯಿರಿ. ವ್ಯತ್ಯಾಸ ಹಾಗೇ ಇದ್ದರೆ ತೊಂದರೆ ಹಿಂದಿನದು. ಮಾಯವಾದರೆ ಮುಂದೆ ನೋಡಿ.

ಹಿಂದಿನದೇ ಅಂತಾದರೆ ಪಕ್ಕದಿಂದ ಬಗ್ಗಿ ಶ್ಯಾಕಲ್ ನೋಡಿ. ಲೀಫ್ ಚಪ್ಪಟೆಯಾದಂತೆ ಅದರ ಉದ್ದ ಹೆಚ್ಚುತ್ತದೆ, ಶ್ಯಾಕಲ್ ಹಿಂದಕ್ಕೆ ವಾಲುತ್ತದೆ. ಎರಡು ಕಡೆಯ ವಾಲು ಬೇರೆಬೇರೆ ಇದ್ದರೆ ಅದೇ ಸಾಕ್ಷಿ. ಪ್ಲೇಟುಗಳ ಪಕ್ಕವನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯೋ ಯೂ ಬೋಲ್ಟ್ ಹತ್ತಿರ ಪ್ಲೇಟಿಗೆ ಅಡ್ಡಲಾಗಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಆ ಪ್ಲೇಟ್ ಮುರಿದಿದೆ ಅಂತಲೇ ಲೆಕ್ಕ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಹಳೇ ಮಾಲೀಕರು ತಗ್ಗಿಸೋ ಬ್ಲಾಕ್ ಹಾಕಿದ್ದಾರಾ ಅಂತಲೂ ನೋಡಿ. ನಿಮ್ಮ ಠಕ್ ಶಬ್ದ ಬಹುಶಃ ಆಕ್ಸಲ್ ಮೇಲೆದ್ದು, ಅದನ್ನು ತಡೆಯೋ ರಬ್ಬರ್ ಬಂಪ್ ಸ್ಟಾಪಿಗೆ ತಾಗುತ್ತಿರೋದು.

ಸ್ಪ್ರಿಂಗ್ ಬದಲಿಸಿದರೆ ಜೋಡಿಯಾಗಿಯೇ ಬದಲಿಸಿ. ಒಂದು ಹೊಸದು ಒಂದು ಹಳೇದಾದರೆ ಗಾಡಿ ಇನ್ನೊಂದು ಕಡೆಗೆ ವಾಲುತ್ತದೆ ಅಷ್ಟೇ. ಉದ್ದದ ಶ್ಯಾಕಲ್ ನಾನಂತೂ ಬೇಡ ಅಂತೀನಿ. ಉದ್ದ ಮಾಡಿದ್ದರಲ್ಲಿ ಸುಮಾರು ಅರ್ಧದಷ್ಟೇ ಎತ್ತರ ಸಿಗುತ್ತದೆ, ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಹೆಚ್ಚು ತೂಗಾಡುತ್ತದೆ. ಸೋತ ಪ್ಲೇಟ್ ಸೋತಂತೆಯೇ ಇರುತ್ತದೆ. ಸುಮ್ನೆ ಬಡಿದು ಬಾಗಿಸಿದ ಪ್ಲೇಟೂ ಅಷ್ಟೇ, ಸರಿಯಾಗಿ ಹದ ಮಾಡದಿದ್ದರೆ ಬೇಗ ಮತ್ತೆ ಕೂರುತ್ತದೆ.

ಇನ್ನೊಬ್ಬರು: ಬಿಚ್ಚೋ ಕೆಲಸದ ಬಗ್ಗೆ ಹೇಳ್ತೀನಿ. ಜಾಸ್ತಿ ಸತಾಯಿಸೋದು ಸ್ಪ್ರಿಂಗಿನ ಮುಂದಿನ ತುದಿಯ ಬೋಲ್ಟ್. ಬುಷ್ (ಬೋಲ್ಟ್ ಸುತ್ತಲಿನ ರಬ್ಬರ್ ಸುತ್ತು) ಒಳಗಿನ ಕಬ್ಬಿಣದ ಕೊಳವೆಗೆ ಅದು ತುಕ್ಕು ಹಿಡಿದು ಅಂಟಿರುತ್ತದೆ. ಬೋಲ್ಟ್ ತಿರುಗಿಸಿದರೆ ಬುಷ್ ರಬ್ಬರೂ ಜೊತೆಗೇ ತಿರುಚಿ, ಬಿಟ್ಟ ಕೂಡಲೇ ವಾಪಸ್ ಬರುತ್ತದೆ. ಮುಂಚಿನ ದಿನದಿಂದಲೇ ತುಕ್ಕು ಬಿಡಿಸೋ ಎಣ್ಣೆ ಹಾಕುತ್ತಾ ಬನ್ನಿ. ಆದರೂ ಬಾರದಿದ್ದರೆ ಎರಡೂ ಪಕ್ಕ ಗರಗಸದಲ್ಲಿ ಕತ್ತರಿಸಿ. ಹೊಸ ಬೋಲ್ಟ್, ಹೊಸ ಬುಷ್, ಹೊಸ ಯೂ ಬೋಲ್ಟ್ ಮೊದಲೇ ತರಿಸಿಟ್ಟುಕೊಳ್ಳಿ.

ಗಾಡಿಯ ಭಾರ ಸ್ಟ್ಯಾಂಡ್ ಮೇಲೆ, ಆಕ್ಸಲ್ ಭಾರ ಬೇರೆ ಜಾಕ್ ಮೇಲೆ. ಆಕ್ಸಲ್ ಇಳಿಸುವಾಗ ಬ್ರೇಕಿನ ರಬ್ಬರ್ ಹೋಸ್ ಮೇಲೆ ಕಣ್ಣಿರಲಿ, ಅದು ಬಿಗಿಯಾಗಬಾರದು. ಮತ್ತೆ ಜೋಡಿಸುವಾಗ ಮುಂದಿನ ಬೋಲ್ಟ್, ಶ್ಯಾಕಲ್ ನಟ್ಟುಗಳನ್ನು ಬರೀ ಕೂರಿಸಿ ಬಿಡಿ. ಗಾಡಿ ಚಕ್ರದ ಮೇಲೆ ನಿಂತ ಮೇಲೇ ಪೂರ್ತಿ ಬಿಗಿ ಮಾಡಬೇಕು. ತೂಗುತ್ತಿರುವಾಗಲೇ ಬಿಗಿ ಮಾಡಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ.

ಮತ್ತೊಬ್ಬರು: ಸ್ಪ್ರಿಂಗ್ ಇಳಿದಾಗ ಅದರ ಮುಂದಿನ ತುದಿ ಕೂರೋ ಜಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ ಸರ್. ಅಲ್ಲಿ ತಗಡು ಕೊಳೆತಿದ್ದರೆ ಹೊಸ ಸ್ಪ್ರಿಂಗ್ ಹಾಕಿ ಪ್ರಯೋಜನವಿಲ್ಲ, ವೆಲ್ಡಿಂಗ್ ಮೊದಲು.

ಆರ್ಡರ್ ಮಾಡುವಾಗ ಕ್ರೋಮ್ ಬಂಪರ್ ರೋಡ್‌ಸ್ಟರ್ ಅಂತ ಬಿಡಿಸಿ ಹೇಳಿ. ಜಿಟಿ (ಎಂಜಿಬಿಯ ಗಟ್ಟಿ ಛಾವಣಿಯ ಮಾದರಿ) ಹಿಂದೆ ಭಾರ ಜಾಸ್ತಿ, ಅದರ ಸ್ಪ್ರಿಂಗ್ ಬೇರೆ. ರಬ್ಬರ್ ಬಂಪರ್ ಗಾಡಿಗಳ ಎತ್ತರವೇ ಬೇರೆ. ಹೊಸ ಸ್ಪ್ರಿಂಗ್ ಹಾಕಿದ ಕೂಡಲೇ ಹಿಂಭಾಗ ಎದ್ದು ನಿಂತಂತೆ ಕಂಡರೆ ಗಾಬರಿ ಬೇಡ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸ್ವಲ್ಪ ಇಳಿಯುತ್ತದೆ. ಆಗ ಯೂ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ, ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಅಳೆಯಿರಿ. ಅಳತೆ ಎಷ್ಟು ಬಂತು ಅಂತ ಇಲ್ಲಿ ತಿಳಿಸಿ, ನೋಡೋಣ.