ಖುಲಾಸೆಯಾದವನು ನಿರಪರಾಧಿಯೇ?

ಪ್ರಶ್ನೆ: ಸಾಕ್ಷ್ಯ ಸಾಲದೆಂದು ನ್ಯಾಯಾಲಯವು ಆರೋಪಿಯನ್ನು ಖುಲಾಸೆ ಮಾಡಿದರೆ, ಆತ ತಪ್ಪೇ ಮಾಡಿಲ್ಲವೆಂದು ಅರ್ಥವೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ಹಾಗಲ್ಲ. ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಹೊತ್ತ ಪ್ರಾಸಿಕ್ಯೂಷನ್ ಅದರಲ್ಲಿ ವಿಫಲವಾಯಿತೆಂದಷ್ಟೇ ಅದರರ್ಥ. ಆದರೂ ಕಾನೂನಿನ ದೃಷ್ಟಿಯಲ್ಲಿ ಆತ ನಿರಪರಾಧಿಯೇ. ಅಪರಾಧ ಸಾಬೀತಾಗುವವರೆಗೆ ಹಾಗೆ ಪರಿಗಣಿಸಬೇಕೆಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 11ನೇ ವಿಧಿಯೂ ಹೇಳುತ್ತದೆ.

ಉತ್ತರ 2: ಕತ್ತಲಲ್ಲಿ ಓಡಿಹೋದವನ ಬೆನ್ನನ್ನಷ್ಟೇ ಕಂಡ ಸಾಕ್ಷಿಯು ಪಾಟೀಸವಾಲಿನಲ್ಲಿ ‘ಮುಖ ಕಾಣಲಿಲ್ಲ’ ಎಂದು ಒಪ್ಪಿಕೊಂಡರೆ, ಬೇರೆ ಆಧಾರವಿಲ್ಲದಿರುವಾಗ ನ್ಯಾಯಾಧೀಶರು ಶಿಕ್ಷೆ ವಿಧಿಸಲಾಗದು. ಬಂಧನಕ್ಕೆ ಸಕಾರಣವಾದ ಅನುಮಾನ ಸಾಕು, ಶಿಕ್ಷೆಗೆ ಸಾಲದು. ಈ ಅಂತರವನ್ನು ಮರೆತು ನಾವು ಬಂಧಿತರನ್ನೆಲ್ಲ ಅಪರಾಧಿಗಳೆಂದು ಕರೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಉತ್ತರ 3: ನೊಂದವರಿಗೆ ಇದರಿಂದ ಸಮಾಧಾನವಾಗದು. ಅದಕ್ಕಾಗಿಯೇ ತನಿಖೆ ಮೊದಲ ದಿನದಿಂದಲೇ ಬಿಗಿಯಾಗಿರಬೇಕು; ಸ್ಥಳದಲ್ಲಿ ಸಿಕ್ಕ ಚಾಕುವಿಗೆ ಸರಿಯಾಗಿ ಮೊಹರು ಹಾಕದಿದ್ದರೆ, ಅದೇ ಚಾಕು ವಿಚಾರಣೆಯಲ್ಲಿ ಪ್ರಕರಣವನ್ನು ದುರ್ಬಲಗೊಳಿಸಬಹುದು.